149ನೇ ಪುಟದಲ್ಲಿ ತಪ್ಪಿರಬೇಕಿತ್ತು

ಪಾರ್ಸೆಲ್ ಬಂದಿದ್ದು ಒಂದು ಗುರುವಾರ ಸಂಜೆ. ಕೈ ತೊಳೆದು ಒರೆಸಿಕೊಂಡೆ. ಅಡುಗೆಮನೆ ಟೇಬಲ್ ಮೇಲೆ ಟವೆಲ್ ಹಾಸಿ ಪುಸ್ತಕವನ್ನು ಹೊರಗೆ ತೆಗೆದೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಜೂಲಿಯಸ್ ಸೀಸರ್ ತನ್ನ ಯುದ್ಧಗಳ ಬಗ್ಗೆ ತಾನೇ ಬರೆದುಕೊಂಡಿದ್ದು, ಲೈಡೆನ್ ಊರಿನಲ್ಲಿ ಎಲ್ಜೆವಿಯರ್ ಮನೆತನದವರು ಅಚ್ಚು ಹಾಕಿದ್ದು, ಮೊದಲ ಹಾಳೆಯ ಕೆಳಗೆ ರೋಮನ್ ಅಂಕಿಯಲ್ಲಿ 1635 ಅಂತ ಇತ್ತು. ಓದಲು ಕೂರಲಿಲ್ಲ. ನೇರ 149ನೇ ಪುಟಕ್ಕೆ ಹೋದೆ. 148 ಆದ ಮೇಲೆ 149 ಅಂತಲೇ ಇತ್ತು. 335 ನೋಡಿದೆ, 335 ಅಂತಲೇ ಇತ್ತು. 475 ಕೂಡ 475. ಎಲ್ಲಾ ಸರಿಯಾಗಿತ್ತು. ಎದೆ ಧಸಕ್ ಅಂತು.

ವಿಷಯ ಏನಪ್ಪಾ ಅಂದ್ರೆ, ಇದೇ 1635 ಇಸವಿ ಹಾಕಿಕೊಂಡ ಎಲ್ಜೆವಿಯರ್ ಸೀಸರ್ ಒಂದಕ್ಕಿಂತ ಜಾಸ್ತಿ ಅಚ್ಚುಗಳಲ್ಲಿ ಇದೆ. ಅದರಲ್ಲಿ ಮೊದಲನೆಯದು, ಅಂದ್ರೆ ಸಂಗ್ರಹ ಮಾಡುವವರು ಬಾಯಿ ಬಿಟ್ಟುಕೊಂಡು ಹುಡುಕುವುದು, ಯಾವುದು ಅಂತ ಗೊತ್ತಾಗುವುದು ಮೂರು ತಪ್ಪುಗಳಿಂದ. ಮೊಳೆ ಜೋಡಿಸುವ ಹುಡುಗ ಯಾರೋ 149ನೇ ಪುಟಕ್ಕೆ 153 ಅಂತ ಹಾಕಿದ್ದಾನೆ, 335ಕ್ಕೆ 345, 475ಕ್ಕೆ 375. ಆ ಮೂರು ತಪ್ಪು ಇದ್ದರೆ ಅಸಲಿ ಮೊದಲ ಅಚ್ಚು. ಆಮೇಲೆ ಯಾರೋ ಗಮನಿಸಿ ತಿದ್ದಿದ್ದಾರೆ. ತಿದ್ದಿದ ಪುಸ್ತಕಕ್ಕೆ ಬೆಲೆ ಕಡಿಮೆ. ಮಾರಿದವರು ಜಾಲತಾಣದಲ್ಲಿ 'ನಿಜವಾದ ಮೊದಲ ಅಚ್ಚು' ಅಂತ ಬರೆದಿದ್ದರು, ನಾನು ಆ ಮೂರು ಪುಟಗಳ ಫೋಟೋ ಕೇಳದೆ ದುಡ್ಡು ಕಳಿಸಿದೆ. ಹನ್ನೊಂದು ವರ್ಷದಿಂದ ಈ ಹುಚ್ಚು ಹಚ್ಚಿಕೊಂಡವನು ಮಾಡುವ ಕೆಲಸವಲ್ಲ ಇದು.

ಹುಚ್ಚು ಶುರುವಾಗಿದ್ದು ಹೀಗೆ. ನಾನು ಚಿತ್ರದುರ್ಗದವನು. ಕೆಲಸದ ಮೇಲೆ ನೆದರ್ಲೆಂಡ್ಸ್‌ಗೆ ಬಂದು ಲೈಡೆನ್‌ನಲ್ಲಿ ಮನೆ ಮಾಡಿದೆ. ಬಾಡಿಗೆ ಸ್ವಲ್ಪ ಕಡಿಮೆ ಅಂತ ಆ ಊರು, ಬೇರೆ ಕಾರಣ ಇರಲಿಲ್ಲ. ಅಲ್ಲಿ ರಾಪೆನ್‌ಬುರ್ಖ್ ಅಂತ ಒಂದು ಕಾಲುವೆ ಇದೆ, ಅದರ ದಡದಲ್ಲಿ ವಿಶ್ವವಿದ್ಯಾಲಯದ ಹಳೇ ಕಟ್ಟಡ. ಎಲ್ಜೆವಿಯರ್‌ಗಳ ಅಂಗಡಿ, ಅಚ್ಚಿನ ಮನೆ ಇದ್ದದ್ದು ಆ ಕಟ್ಟಡದ ಮಗ್ಗುಲಲ್ಲೇ. ದಿನಾ ಸೈಕಲ್‌ನಲ್ಲಿ ಅದರ ಮುಂದೆ ಹೋಗುತ್ತಿದ್ದೆ, ಆದರೆ ಎರಡು ವರ್ಷ ಗೊತ್ತೇ ಇರಲಿಲ್ಲ. ಒಂದು ಆಗಸ್ಟ್ ಭಾನುವಾರ ಸಹೋದ್ಯೋಗಿಯೊಬ್ಬರು ಡೆವೆಂಟರ್ ಪುಸ್ತಕ ಸಂತೆಗೆ ಕರೆದುಕೊಂಡು ಹೋದರು. ಐಸೆಲ್ ನದಿಯ ದಂಡೆಯಿಂದ ಊರೊಳಗಿನ ಬೀದಿಗಳವರೆಗೂ ಟೇಬಲ್ಲೋ ಟೇಬಲ್ಲು. ನಮ್ಮ ಕಡೆ ಜಾತ್ರೆಯಲ್ಲಿ ಬಳೆ ಅಂಗಡಿ ಸಾಲು ಇದ್ದ ಹಾಗೆ ಪುಸ್ತಕ. ಅಲ್ಲಿ ಒಂದು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ, ಹಳೇ ಡಚ್ ಬೈಬಲ್ಲುಗಳ ಮಧ್ಯೆ, ಬೆನ್ನು ಅರ್ಧ ಕಿತ್ತುಹೋದ ಒಂದು ಪುಟ್ಟ ಪುಸ್ತಕ ಸಿಕ್ಕಿತು. ವೆಲ್ಲೆಯಸ್ ಪಟೆರ್ಕುಲಸ್ ಅನ್ನುವವನು ಬರೆದ ರೋಮ್ ಇತಿಹಾಸ, ಲೈಡೆನ್, 1639. 45 ಯೂರೋ. ಕಾಸಿಗೆ ಕೊಡುತ್ತಾರಲ್ಲ ಅಂತ ಆಶ್ಚರ್ಯ. ಒಂದು ಜೊತೆ ಷೂಗಿಂತ ಅಗ್ಗ, ಅದೂ ಶಾಹಜಹಾನ್ ಇನ್ನೂ ತಾಜ್‌ಮಹಲ್ ಕಟ್ಟಿಸುತ್ತಿದ್ದ ಕಾಲದ ಪುಸ್ತಕ.

ಲ್ಯಾಟಿನ್ ನನಗೆ ಆಗ ಒಂದಕ್ಷರ ಬರುತ್ತಿರಲಿಲ್ಲ. ಈಗಲೂ ಬರುತ್ತದೆ ಅಂತ ಎದೆ ತಟ್ಟಿ ಹೇಳಲ್ಲ. ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇಟ್ಟುಕೊಂಡು, ಬೆರಳಿಟ್ಟುಕೊಂಡು, ಮಗು ಮಗ್ಗಿ ಓದಿದ ಹಾಗೆ ಓದುತ್ತೇನೆ.

ಜನ ಏನಂದುಕೊಳ್ಳುತ್ತಾರೆ ಅಂದ್ರೆ ಇದು ಶ್ರೀಮಂತರ ಹವ್ಯಾಸ. ಮೇಲಿನ ತುದಿ ಹೌದು. 1501ಕ್ಕೂ ಮೊದಲು ಅಚ್ಚಾದ ಪುಸ್ತಕಗಳಿಗೆ ಲ್ಯಾಟಿನ್‌ನಲ್ಲಿ ಇನ್‌ಕ್ಯುನಾಬುಲಾ ಅಂತಾರೆ, ಅಂದ್ರೆ ತೊಟ್ಟಿಲು. ಡಚ್ಚರು ಇನ್ನೂ ನೇರವಾಗಿ ವೀಗೆನ್‌ಡ್ರುಕ್ ಅನ್ನುತ್ತಾರೆ, ತೊಟ್ಟಿಲ ಅಚ್ಚು. ಅಚ್ಚಿನ ಕೆಲಸ ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅಂತ ಅರ್ಥ. ಆ ಕಾಲದ ರೋಮನ್ ಇತಿಹಾಸ ಒಂದು ಪೂರ್ತಿ ಪುಸ್ತಕ ಬೇಕು ಅಂದ್ರೆ ನನ್ನಂಥವನು ಕಾರು ಮಾರಬೇಕು, ಆದರೆ ನನ್ನ ಹತ್ತಿರ ಇರುವುದು ಸೈಕಲ್. ಹಾಗಾಗಿ ನಾನು 1600ರ ನಂತರದ ಚಿಕ್ಕ ಪುಸ್ತಕಗಳಲ್ಲೇ ಉಳಿದೆ. ದೊಡ್ಡವನ್ನು ಗ್ರಂಥಾಲಯದ ಓದುವ ಕೋಣೆಯಲ್ಲಿ, ಫೋಮ್ ದಿಂಬಿನ ಮೇಲೆ ಇಟ್ಟುಕೊಂಡು ನೋಡುತ್ತೇನೆ. ಅದು ಪುಕ್ಕಟೆ.

ಓದುವ ಕೋಣೆಯಲ್ಲಿ ತೊಟ್ಟಿಲ ಅಚ್ಚೊಂದನ್ನು ಮೊದಲ ಸಲ ತೆರೆದಾಗ ಕಣ್ಣಿಗೆ ಬಿದ್ದಿದ್ದು ಅಕ್ಷರ ಅಲ್ಲ, ಖಾಲಿ ಜಾಗ. ಅಧ್ಯಾಯ ಶುರುವಾಗುವ ಕಡೆ ಅಂಗೈ ಅರ್ಧದಷ್ಟು ಚೌಕ ಖಾಲಿ ಬಿಟ್ಟಿದ್ದಾರೆ, ಅದರ ನಡುವೆ ಒಂದೇ ಒಂದು ಸಣ್ಣ ಅಕ್ಷರ. ಕೊಂಡವನು ಚಿತ್ರಗಾರನ ಹತ್ತಿರ ಕೊಟ್ಟು ಅಲ್ಲಿ ಕೆಂಪು, ನೀಲಿ, ಚಿನ್ನದ ದೊಡ್ಡಕ್ಷರ ಬರೆಸಿಕೊಳ್ಳಬೇಕಿತ್ತು. ಆ ಸಣ್ಣ ಅಕ್ಷರ ಚಿತ್ರಗಾರನಿಗೆ ಸೂಚನೆ, ಇಲ್ಲಿ ಇದನ್ನು ಬರಿ ಅಂತ. ಎಷ್ಟೋ ಪುಸ್ತಕಗಳಲ್ಲಿ ಆ ಜಾಗ ಇವತ್ತಿಗೂ ಖಾಲಿಯೇ. ಕೊಂಡವನ ದುಡ್ಡು ಮುಗಿದಿರಬೇಕು. ಗೃಹಪ್ರವೇಶ ಆಗಿ ಇಪ್ಪತ್ತು ವರ್ಷ ಆದರೂ ಸುಣ್ಣ ಕಾಣದ ಗೋಡೆ ಇರುತ್ತಲ್ಲ, ಹಾಗೆ.

ಅಚ್ಚು ಹಾಕಿದವರ ಕಥೆ ಅದಕ್ಕಿಂತ ಕಷ್ಟದ್ದು. ಸ್ವೆಯ್ನ್‌ಹೈಮ್, ಪನ್ನಾರ್ಟ್ಸ್ ಅಂತ ಇಬ್ಬರು ಜರ್ಮನ್ನರು ಇಟಲಿಗೆ ಬಂದು, ಮೊದಲು ಸುಬಿಯಾಕೊ ಮಠದಲ್ಲಿ, 1467ರಿಂದ ರೋಮ್‌ನಲ್ಲಿ ಅಚ್ಚಿನ ಮನೆ ಇಟ್ಟರು. ಲಿವಿ ಬರೆದ ರೋಮ್‌ನ ಇತಿಹಾಸವನ್ನು ಮೊದಲ ಸಲ ಅಚ್ಚು ಹಾಕಿದವರು ಇವರೇ, 1469ರ ಸುಮಾರಿಗೆ. ಸೀಸರ್ ಕೂಡ 1469. ಬುಸ್ಸಿ ಅನ್ನುವ ಬಿಷಪ್ ಒಬ್ಬರು ಪಠ್ಯ ತಿದ್ದಿ ಕೊಡುತ್ತಿದ್ದರು. ಮೂರೇ ವರ್ಷ. 1472ರಲ್ಲಿ ಪೋಪ್ ನಾಲ್ಕನೇ ಸಿಕ್ಸ್‌ಟಸ್‌ಗೆ ಇವರ ಪರವಾಗಿ ಒಂದು ಅರ್ಜಿ ಹೋಯಿತು, ಅದು ಅಚ್ಚಾಗಿ ಉಳಿದಿದೆ. ಅದರಲ್ಲಿ ಯಾವ ಪುಸ್ತಕ ಎಷ್ಟು ಪ್ರತಿ ಅಂತ ಪಟ್ಟಿ ಇದೆ, ಹೆಚ್ಚಿನವು 275 ಪ್ರತಿ. ಮನೆ ದೊಡ್ಡದು, ಆದರೆ ತುಂಬಾ ಬರೀ ಅಚ್ಚಾದ ಹಾಳೆ, ತಿನ್ನುವುದಕ್ಕೆ ಏನೂ ಇಲ್ಲ, ಕಾಪಾಡಿ ಅಂತ ಬೇಡಿಕೊಂಡಿದ್ದಾರೆ. ಪುಸ್ತಕ ಹೊರಗೆ ತಂದು ಗೋಡೌನ್ ಬಾಡಿಗೆ ಕಟ್ಟಲಾಗದೆ ಒದ್ದಾಡುವ ನಮ್ಮ ಸಣ್ಣ ಪ್ರಕಾಶಕರು ಯಾರಾದರೂ ಇದನ್ನು ಓದಿದರೆ ಎದ್ದು ಹೋಗಿ ಅವರಿಬ್ಬರನ್ನು ತಬ್ಬಿಕೊಳ್ಳುತ್ತಾರೆ. ಕೊನೆಗೆ ಪಾಲುದಾರಿಕೆ ಮುರಿಯಿತು. ಸ್ವೆಯ್ನ್‌ಹೈಮ್ ಭೂಪಟ ಕೆತ್ತುವ ಕೆಲಸಕ್ಕೆ ಹೋದ.

ಅವರು ಅಚ್ಚು ಹಾಕಿದ ಲಿವಿ ಇವತ್ತಿನ ಲಿವಿ ಅಲ್ಲ. ಆತ ಬರೆದಿದ್ದು 142 ಭಾಗ, ಉಳಿದಿರುವುದು 35. ಆದರೆ 1469ರಲ್ಲಿ ಆ 35 ಕೂಡ ಪೂರ್ತಿ ಇರಲಿಲ್ಲ. 33ನೇ ಭಾಗ ಇಲ್ಲ, 40ನೆಯದು ಅರ್ಧಂಬರ್ಧ, 41ರಿಂದ 45 ಇಲ್ಲವೇ ಇಲ್ಲ. ಮೈಂಟ್ಸ್‌ನಲ್ಲಿ ಸಿಕ್ಕ ಹಸ್ತಪ್ರತಿಯಿಂದ ಸ್ವಲ್ಪ ತುಂಬಿತು. 1527ರಲ್ಲಿ ಲೋರ್ಶ್ ಮಠದಲ್ಲಿ ಗ್ರೈನೇಯಸ್ ಅನ್ನುವವರಿಗೆ 41ರಿಂದ 45 ಸಿಕ್ಕವು, 1531ರಲ್ಲಿ ಬಾಸೆಲ್‌ನ ಫ್ರೋಬೆನ್ ಅಚ್ಚಿನ ಮನೆಯಿಂದ, ಆ ಕಾಲದ ದೊಡ್ಡ ಪಂಡಿತ ಎರಾಸ್ಮಸ್ ಕೈಯಲ್ಲಿ ಮುನ್ನುಡಿ ಹಾಕಿಸಿಕೊಂಡು ಹೊರಬಂದವು. 33ರ ಶುರುವಿನ ತುಂಡು ಅಚ್ಚಾಗಲು 1616 ಬರಬೇಕಾಯಿತು. ಅಂದ್ರೆ ಹಳೇ ಲಿವಿ ಕೊಳ್ಳುವಾಗ ಇಸವಿ ನೋಡಿದರೆ ಸಾಕು, ಒಳಗೆ ಯಾವ ಯಾವ ಭಾಗ ಇಲ್ಲ ಅಂತ ಹೇಳಿಬಿಡಬಹುದು. ನನ್ನ ಹತ್ತಿರ 1634ರ ಎಲ್ಜೆವಿಯರ್ ಲಿವಿಯ ಮೂರು ಸಂಪುಟಗಳಲ್ಲಿ ಒಂದೇ ಇದೆ. ಒಂಟಿ ಸಂಪುಟ ಯಾರಿಗೂ ಬೇಡ, ಹಾಗಾಗಿ ನನಗೆ ಸಿಕ್ಕಿತು.

ಈಗ ಟ್ಯಾಸಿಟಸ್. ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು.

ರೋಮ್ ಚಕ್ರವರ್ತಿಗಳ ಬಣ್ಣ ಬಯಲು ಮಾಡಿದವರಲ್ಲಿ ಈತನೇ ದೊಡ್ಡವನು ಅಂತ ನನ್ನ ಅಭಿಪ್ರಾಯ. ಆತ ಬರೆದ ವರ್ಷಾವಳಿಯ ಕೊನೆಯ ಭಾಗಗಳನ್ನು ವೆನಿಸ್‌ನಲ್ಲಿ ವಿಂಡೆಲಿನ್ ಅನ್ನುವವನು 1470ರ ಸುಮಾರಿಗೇ ಅಚ್ಚು ಹಾಕಿದ್ದ. ಆದರೆ ತಿಬೇರಿಯಸ್ ಚಕ್ರವರ್ತಿಯ ಕಥೆ ಇರುವ ಮೊದಲ ಆರು ಭಾಗ? ಅದು ಇಡೀ ಪ್ರಪಂಚದಲ್ಲಿ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿತ್ತು, ಜರ್ಮನಿಯ ಕೋರ್ವೈ ಮಠದಲ್ಲಿ. ಅಲ್ಲಿಂದ ಯಾರೋ ಎಗರಿಸಿದರು. ಕೈಯಿಂದ ಕೈಗೆ ದಾಟಿ ರೋಮ್ ಸೇರಿತು. ಪೋಪ್ ಹತ್ತನೇ ಲಿಯೋ ಅದಕ್ಕೆ 500 ಚಿನ್ನದ ನಾಣ್ಯ ಕೊಟ್ಟರು ಅಂತಾರೆ. 1515ರಲ್ಲಿ ಬೆರೊಆಲ್ಡೊ ಅನ್ನುವ ಪಂಡಿತರ ಕೈಯಲ್ಲಿ ತಿದ್ದಿಸಿ ಅಚ್ಚು ಹಾಕಿಸಿದರು. ಆ ಪುಸ್ತಕದಲ್ಲಿ ಪೋಪ್ ಹೆಸರಲ್ಲಿ ಒಂದು ಪ್ರಕಟಣೆಯೂ ಇದೆ: ಇದುವರೆಗೆ ಅಚ್ಚಾಗದ ಹಳೇ ಪುಸ್ತಕ ತಂದುಕೊಟ್ಟವರಿಗೆ ಒಳ್ಳೇ ಬಹುಮಾನ. ಕದ್ದ ಮಾಲಿನ ಪುಸ್ತಕದಲ್ಲೇ ಇನ್ನಷ್ಟು ತನ್ನಿ ಅಂತ ಜಾಹೀರಾತು!

ಅಷ್ಟಕ್ಕೇ ಮುಗಿಯಲಿಲ್ಲ. ಬೇರೆ ಯಾರೂ ಇದನ್ನು ಅಚ್ಚು ಹಾಕಬಾರದು, ಹಾಕಿದರೆ ಬಹಿಷ್ಕಾರ ಅಂತ ಪೋಪ್ ಕಟ್ಟಪ್ಪಣೆ ಇತ್ತು. ಮಿಲಾನ್‌ನಲ್ಲಿ ಮಿನುಟ್ಸಿಯಾನೊ ಅನ್ನುವ ಮೇಷ್ಟ್ರು ಏನು ಮಾಡಿದ ಗೊತ್ತಾ? ರೋಮ್‌ನಲ್ಲಿ ಹಾಳೆಗಳು ಅಚ್ಚಾದ ಹಾಗೆಲ್ಲ ಗುಟ್ಟಾಗಿ ತರಿಸಿಕೊಂಡು, ಅಲ್ಲಿ ಮುಗಿಯುವ ಮೊದಲೇ ಇಲ್ಲಿ ಜೋಡಿಸುತ್ತಾ ಹೋದ. ಸಿಕ್ಕಿಬಿದ್ದ. ಕೈಕಾಲು ಹಿಡಿದು ಕ್ಷಮೆ ಪಡೆದ. ಸಿನಿಮಾ ಬಿಡುಗಡೆ ದಿನವೇ ಪೈರಸಿ ಬರುತ್ತೆ ಅಂತ ಬೈಯುತ್ತೀವಲ್ಲ, ಇದು ಬಿಡುಗಡೆಗೂ ಮೊದಲು.

ಇನ್ನು ಕೋರ್ವೈ ಮಠದವರು? ಅವರ ಹಸ್ತಪ್ರತಿ ವಾಪಸ್ ಹೋಗಲಿಲ್ಲ. 1517ರಲ್ಲಿ ಪೋಪ್ ಬರೆದ ಕಾಗದ ಒಂದಿದೆ. ಅದರ ಜೊತೆ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಚೆಂದ ಬೈಂಡ್ ಮಾಡಿಸಿ ಕಳಿಸಿದ್ದಾರೆ, ಕಳೆದುಹೋದದ್ದರ ಜಾಗದಲ್ಲಿ ಇಟ್ಟುಕೊಳ್ಳಿ ಅಂತ, ಮೇಲೆ ಸ್ವಲ್ಪ ಪಾಪ ಪರಿಹಾರದ ಪತ್ರ. ಕದ್ದ ಹಸುವಿಗೆ ಬದಲು ಹಸುವಿನ ಫೋಟೋ ಫ್ರೇಮ್ ಹಾಕಿಸಿ ಕೊಟ್ಟ ಹಾಗಾಯಿತು. ಮೂಲ ಈಗಲೂ ಫ್ಲಾರೆನ್ಸ್‌ನ ಲಾರೆನ್ಶಿಯನ್ ಗ್ರಂಥಾಲಯದಲ್ಲಿದೆ.

1515ರ ಪುಸ್ತಕ ನನ್ನ ಹತ್ತಿರ ಇಲ್ಲ, ಬರುವುದೂ ಇಲ್ಲ. ಇರುವುದು 1640ರ ಎಲ್ಜೆವಿಯರ್ ಟ್ಯಾಸಿಟಸ್, ಎರಡರಲ್ಲಿ ಮೊದಲ ಸಂಪುಟ. ಲಿಪ್ಸಿಯಸ್ ತಿದ್ದಿದ ಪಠ್ಯ, ಗ್ರೋಶಿಯಸ್ ಟಿಪ್ಪಣಿ. ಲಿಪ್ಸಿಯಸ್ ನಮ್ಮೂರಲ್ಲೇ, ಅಂದ್ರೆ ಲೈಡೆನ್‌ನಲ್ಲೇ, 1579ರಿಂದ 1591ರವರೆಗೆ ಪಾಠ ಮಾಡಿದವರು. ಟ್ಯಾಸಿಟಸ್ ಅವರಿಗೆ ಬಾಯಿಪಾಠವಂತೆ. ಕುತ್ತಿಗೆಗೆ ಚಾಕು ಹಿಡಿದು ನಿಲ್ಲಿ, ಒಂದು ಪದ ತಪ್ಪಿದರೆ ಚುಚ್ಚಿ ಅಂತ ಸವಾಲು ಹಾಕಿದ್ದರು ಅನ್ನುವ ಕಥೆ ಇದೆ. ಗಮಕಿಗಳ ಮಧ್ಯೆ ಬೆಳೆದವರಿಗೆ ಇದು ಅಂಥಾ ದೊಡ್ಡ ವಿಷಯ ಅನಿಸಲಿಕ್ಕಿಲ್ಲ, ಚಾಕು ಬಿಟ್ಟರೆ.

ಈ ಸಂಪುಟದ ಮೂರನೇ ಭಾಗದಲ್ಲಿ ತಿಬೇರಿಯಸ್ ಸೆನೆಟ್‌ಗೆ ಬರೆದ ಒಂದು ಕಾಗದ ಇದೆ. ಜನ ದುಂದು ವೆಚ್ಚ ಮಾಡ್ತಿದ್ದಾರೆ, ಕಾನೂನು ತನ್ನಿ ಅಂತ ಕೆಲವರು ಕೇಳಿರುತ್ತಾರೆ. ಅದಕ್ಕೆ ಉತ್ತರ ಕೊಡುತ್ತಾ ಆತ, ಯಾವುದನ್ನು ಅಂತ ನಿಲ್ಲಿಸಲಿ, ದೊಡ್ಡ ದೊಡ್ಡ ಬಂಗಲೆಗಳನ್ನೋ, ಚಿನ್ನ ಬೆಳ್ಳಿಯನ್ನೋ, ಹೆಂಗಸರ ಒಡವೆಗಳನ್ನೋ, ಆ ಕಲ್ಲುಗಳಿಗಾಗಿ ನಮ್ಮ ದುಡ್ಡೆಲ್ಲ ಪರದೇಶದವರಿಗೆ, ಶತ್ರುಗಳಿಗೆ ಹೋಗುತ್ತಿದೆ ಅಂತ ಗೊಣಗುತ್ತಾನೆ. ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಚಿತ್ರದುರ್ಗದ ನಮ್ಮ ಮನೆಯಿಂದ ಚಂದ್ರವಳ್ಳಿ ಕೆರೆ ನಡೆದು ಹೋಗುವಷ್ಟು ದೂರ. ರಜೆ ದಿನ ಅಲ್ಲಿ ಬಂಡೆ ಹತ್ತಿ, ಗುಹೆಯಲ್ಲಿ ಕಿರುಚಿ, ಒದೆ ತಿಂದು ಬೆಳೆದವನು ನಾನು. ಆ ಕೆರೆಯ ಹತ್ತಿರ ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ತಿಬೇರಿಯಸ್‌ನ ಮುಖ ಇರುವ ಬೆಳ್ಳಿ ನಾಣ್ಯವೂ ಇದೆ. ಆತ ಹೋಯ್ತು ಹೋಯ್ತು ಅಂತ ಅತ್ತ ದುಡ್ಡಿನಲ್ಲಿ ಒಂಚೂರು ನಮ್ಮೂರಿಗೇ ಬಂದಿತ್ತು! ಆ ಗೊಣಗಾಟ ನಮ್ಮವರೆಗೆ ತಲುಪಿದ್ದು ಮಠದ ಕಪಾಟಿನಿಂದ ಕದ್ದ ಒಂದೇ ಒಂದು ಪುಸ್ತಕದ ದೆಸೆಯಿಂದ. ಕಳ್ಳ ಆವತ್ತು ಬೇರೆ ಕಪಾಟು ತೆಗೆದಿದ್ದರೆ ಏನು ಕಥೆ ಅಂತ ಯೋಚನೆ ಬರುತ್ತಾ ಇತ್ತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. 'ಚಂದ್ರವಳ್ಳಿ ದುಡ್ಡು ಸಿಕ್ಕವರು ಸರ್ಕಾರಕ್ಕೆ ಕೊಟ್ಟರಂತಾ?' ಅಂದಳು. ಅದು ಬಿಡು, ಪುಸ್ತಕ ಎಷ್ಟು ಹಳೇದು ಗೊತ್ತಾ ಅಂದೆ. ಹೊದಿಕೆ ಯಾವುದರದ್ದು ಅಂತ ಕೇಳಿದಳು. ಅಲ್ಲಿ ಸಿಕ್ಕಿಬಿದ್ದೆ. ವೆಲ್ಲಮ್ ಅಂದ್ರೆ ಕರುವಿನ ಚರ್ಮ. ಹದ ಮಾಡಿ ಎಳೆದು ಒಣಗಿಸಿದ್ದು, ದಂತದ ಬಣ್ಣ, ಮುಟ್ಟಿದರೆ ಒಣಗಿದ ಹಪ್ಪಳದ ಹಾಗೆ ಗಡಸು. 'ಊರಿಗೆ ಬಂದಾಗ ಅದನ್ನ ದೇವರ ಮನೆ ಗೋಡೆ ಕಡೆ ಇಡಬೇಡ' ಅಂತ ಅಷ್ಟೇ ಹೇಳಿದಳು. ಹೇಗೂ ತರುವ ಹಾಗಿಲ್ಲ. ಮಳೆಗಾಲದಲ್ಲಿ ವೆಲ್ಲಮ್ ತೇವ ಕುಡಿದು ಸುರುಳಿ ಸುತ್ತುತ್ತೆ. ಗೆದ್ದಲಿಗಂತೂ ಲ್ಯಾಟಿನ್ ಆದರೇನು, ಕನ್ನಡ ಆದರೇನು.

ಮೊದಲು ಕೊಂಡ ವೆಲ್ಲೆಯಸ್‌ಗೆ ವಾಪಸ್ ಬರುತ್ತೇನೆ. ಆತ ಇದೇ ತಿಬೇರಿಯಸ್ ಕೈಕೆಳಗೆ ಸೈನ್ಯದಲ್ಲಿದ್ದವನು. ಟ್ಯಾಸಿಟಸ್ ತಿಬೇರಿಯಸ್‌ನನ್ನು ಸುಲಿದು ಹಾಕುತ್ತಾನೆ, ಈತ ಅದೇ ಮನುಷ್ಯನನ್ನು ದೇವರ ಮಟ್ಟಕ್ಕೆ ಏರಿಸುತ್ತಾನೆ. ಸಾಹೇಬರನ್ನು ಹೊಗಳುವ ಸರ್ಕಾರಿ ನೌಕರನ ಬರವಣಿಗೆ ಹೇಗಿರುತ್ತೆ ಅಂತ ನಮಗೆ ಹೇಳಿಕೊಡಬೇಕಾ? ಆದರೆ ಇವನ ಪುಸ್ತಕ ಉಳಿದ ರೀತಿ ಮಾತ್ರ ರೋಮಾಂಚನ. 1515ರಲ್ಲಿ ಬೇಟಸ್ ರೆನಾನಸ್ ಅನ್ನುವ ಪಂಡಿತರಿಗೆ ಅಲ್ಸಾಸ್‌ನ ಮುರ್ಬಾಖ್ ಮಠದಲ್ಲಿ ಇದರ ಹಸ್ತಪ್ರತಿ ಸಿಕ್ಕಿತು. ತಪ್ಪುಗಳ ರಾಶಿ. ಬೇರೆ ಒಳ್ಳೇ ಪ್ರತಿ ಸಿಗುತ್ತೇನೋ ಅಂತ ಕಾದು ಕಾದು, ಸಿಗದೆ, 1520ರಲ್ಲಿ ಬಾಸೆಲ್‌ನ ಫ್ರೋಬೆನ್ ಹತ್ತಿರ ಅಚ್ಚು ಹಾಕಿಸಿದರು. ಬಾಸೆಲ್ ಅಂದ ಕೂಡಲೇ ನಮಗೆ ನೆನಪಾಗುವುದು ಮಂಗಳೂರಿನ ಬಾಸೆಲ್ ಮಿಷನ್, ಕಿಟೆಲ್ ನಿಘಂಟು. ಅದೇ ಬಾಸೆಲ್. ಆ ಊರಿಗೂ ಅಚ್ಚಿನ ಮೊಳೆಗೂ ಮುನ್ನೂರು ವರ್ಷ ಮೊದಲಿಂದಲೇ ನಂಟಿತ್ತು.

ಅಚ್ಚು ಮುಗಿಯುವ ಹೊತ್ತಿಗೆ ರೆನಾನಸ್ ಹತ್ತಿರ ಕೆಲಸಕ್ಕಿದ್ದ ಬೂರರ್ ಅನ್ನುವ ಹುಡುಗ ಒಂದು ಕೆಲಸ ಮಾಡಿದ. ಅಚ್ಚಾದ ಪುಸ್ತಕವನ್ನು ಹಸ್ತಪ್ರತಿಯ ಪಕ್ಕ ಇಟ್ಟುಕೊಂಡು ಸಾಲು ಸಾಲು ಹೋಲಿಸಿ, ಎಲ್ಲೆಲ್ಲಿ ಬೇರೆ ಇದೆ ಅಂತ ಪಟ್ಟಿ ಮಾಡಿ ಪುಸ್ತಕದ ಕೊನೆಗೆ ಸೇರಿಸಿದ. ಆಮೇಲೆ ಹಸ್ತಪ್ರತಿ ಕಾಣೆಯಾಯಿತು. ಬಾಸೆಲ್‌ನ ಅಮೆರ್‌ಬಾಖ್ 1516ರಲ್ಲಿ ಬರೆದುಕೊಂಡ ಒಂದು ನಕಲು ಇದೆ, ಈ ಅಚ್ಚು ಇದೆ, ಬೂರರ್ ಪಟ್ಟಿ ಇದೆ. ವೆಲ್ಲೆಯಸ್ ಅಂದ್ರೆ ಇವತ್ತು ಈ ಮೂರೇ. ಹಸ್ತಪ್ರತಿಯಲ್ಲಿ ಇದ್ದ ತಪ್ಪು ಯಾವುದು, ರೆನಾನಸ್ ತಿದ್ದಿದ್ದು ಯಾವುದು, ಮೊಳೆ ಜೋಡಿಸಿದವನು ಎಡವಿದ್ದು ಯಾವುದು ಅಂತ ಬಿಡಿಸುವುದಕ್ಕೆ ಇವತ್ತಿಗೂ ಆ ಹುಡುಗನ ಪಟ್ಟಿಯನ್ನೇ ಹಿಡಿಯಬೇಕು. ಪೂರ್ತಿ ಸರಿ ಮಾಡಿ, ತಪ್ಪುಗಳನ್ನೆಲ್ಲ ಗುಡಿಸಿ ಹಾಕಿದ್ದಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ.

ರೆನಾನಸ್ ತಮ್ಮ ಪುಸ್ತಕಗಳನ್ನೆಲ್ಲ 1547ರಲ್ಲಿ ಹುಟ್ಟೂರು ಸೆಲೆಸ್ಟಾಗೆ ಬಿಟ್ಟುಹೋದರು. ಸ್ಟ್ರಾಸ್‌ಬೂರ್ಗ್‌ನಿಂದ ರೈಲಿನಲ್ಲಿ ಹತ್ತಿರವೇ. ಸುಮಾರು 670 ಸಂಪುಟ ಇನ್ನೂ ಅಲ್ಲೇ ಇವೆ, ಯುನೆಸ್ಕೊ ಪಟ್ಟಿಯಲ್ಲೂ ಸೇರಿವೆ. ಹೋಗಿದ್ದೆ. ಗಾಜಿನ ಆಚೆ ತೆರೆದಿಟ್ಟ ಪುಸ್ತಕಗಳ ಅಂಚಿನಲ್ಲಿ ಇರುವೆ ಸಾಲಿನಂಥ ಕೈಬರಹ. ಹೆಂಡತಿ ಹತ್ತು ನಿಮಿಷ ನೋಡಿ ಹೊರಗೆ ಹೋಗಿ ಕೇಕ್ ತಿಂದಳು. ಅದೂ ಚೆನ್ನಾಗಿತ್ತಂತೆ.

ತಪ್ಪು ಪಟ್ಟಿ ಮಾಡುವುದು ಎಷ್ಟು ಅಪಾಯ ಅಂತ ಗೊತ್ತಾಗಬೇಕಾದರೆ ವೆನಿಸ್‌ನ ಆಲ್ಡಸ್ ಅನ್ನುವ ಅಚ್ಚಿನ ಮನೆಯವನ ಕಥೆ ಕೇಳಬೇಕು. 1501ರಲ್ಲಿ ಆತ ಓರೆ ಅಕ್ಷರದಲ್ಲಿ, ಕೈಯಲ್ಲಿ ಹಿಡಿದು ಓಡಾಡುವ ಅಳತೆಯಲ್ಲಿ ಲ್ಯಾಟಿನ್ ಪುಸ್ತಕ ತರಲು ಶುರು ಮಾಡಿದ. ಫ್ರಾನ್ಸ್‌ನ ಲಿಯಾನ್ ಊರಿನವರು ತಕ್ಷಣ ನಕಲು ಹೊಡೆದರು. ಆಲ್ಡಸ್‌ಗೆ ಸಿಟ್ಟು ಬಂತು. 1503ರಲ್ಲಿ ಒಂದು ಎಚ್ಚರಿಕೆ ಪತ್ರ ಅಚ್ಚು ಹಾಕಿ ಹಂಚಿದ. ನಕಲಿಯಲ್ಲಿ ಊರ ಹೆಸರಿಲ್ಲ, ಇಸವಿ ಇಲ್ಲ, ಕಾಗದ ಕೀಳು, ವಾಸನೆ ಹೊಡೆಯುತ್ತೆ, ಇಂತಿಂಥ ಪುಟದಲ್ಲಿ ಇಂತಿಂಥ ತಪ್ಪಿದೆ ಅಂತ. ಲಿಯಾನ್‌ನವರು ಆ ಪತ್ರ ತರಿಸಿಕೊಂಡು, ಅದರಲ್ಲಿದ್ದ ತಪ್ಪುಗಳನ್ನೆಲ್ಲ ತಿದ್ದಿಕೊಂಡು ಮತ್ತೆ ನಕಲು ಬಿಟ್ಟರು. ಪುಕ್ಕಟೆ ಕರಡು ತಿದ್ದುವವನು ಸಿಕ್ಕ ಹಾಗಾಯಿತು ಅವರಿಗೆ.

ಈ ಹುಚ್ಚಿನವರ ನಡುವೆಯೂ ಹುಚ್ಚರಿದ್ದಾರೆ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಎಲ್ಜೆವಿಯರ್ ಕೊಳ್ಳುವವರು ಜೇಬಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಓಡಾಡುತ್ತಿದ್ದರು. ಬೈಂಡ್ ಮಾಡುವಾಗ ಹಾಳೆಯ ಅಂಚು ಕತ್ತರಿಸುತ್ತಾರಲ್ಲ, ಕಮ್ಮಿ ಕತ್ತರಿಸಿದ್ದಕ್ಕೆ ಬೆಲೆ ಜಾಸ್ತಿ. ಒಂದೊಂದು ಮಿಲಿಮೀಟರ್‌ಗೂ ದುಡ್ಡು. ಒಳಗೆ ಸೀಸರ್ ಏನು ಹೇಳಿದ ಅಂತ ಯಾರಿಗೆ ಬೇಕು. ನಾನು ನಕ್ಕಿದ್ದೇನೆ, ಆಮೇಲೆ ಸುಮ್ನೆ ನನ್ನ ಪುಸ್ತಕಗಳನ್ನೂ ಅಳೆದಿದ್ದೇನೆ.

ಯಾರಿಗಾದರೂ ಆಸೆ ಇದ್ದರೆ ನನಗೆ ತಿಳಿದಷ್ಟು ಹೇಳುತ್ತೇನೆ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಆಗಿನ ಕಾಗದ ಹಳೇ ಬಟ್ಟೆಯಿಂದ ಮಾಡಿದ್ದು, ಅದಕ್ಕೇ ನಾನೂರು ವರ್ಷ ಆದರೂ ಬಿಳಿ. ನಮ್ಮ ತಾತನ ಕಾಲದ ಕಾದಂಬರಿ ಮುಟ್ಟಿದರೆ ಪುಡಿಯಾಗುತ್ತೆ, ಅದು ಮರದ ತಿರುಳಿನದ್ದು. ಬೆಳಕಿನಲ್ಲಿ ತಂತಿ ಗೆರೆ ಕಾಣುತ್ತೆ, ಒಂದೆರಡು ಕಡೆ ಕಾಗದ ಮಾಡಿದವನ ಗುರುತೂ ಕಾಣುತ್ತೆ. ಗೆರೆ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ನೋಡಿದರೆ ಹಾಳೆಯನ್ನು ಎಷ್ಟು ಸಲ ಮಡಚಿದ್ದಾರೆ ಅಂತ ಹೇಳಬಹುದು. ಪುಟದ ಕೆಳಗೆ ಬಲ ಮೂಲೆಯಲ್ಲಿ ಒಂದು ಒಂಟಿ ಪದ ಇರುತ್ತೆ, ಅದು ಮುಂದಿನ ಪುಟದ ಮೊದಲ ಪದ. ಎರಡೂ ಹೊಂದದಿದ್ದರೆ ಹಾಳೆ ಹಾರಿಹೋಗಿದೆ ಅಂತ ಅನುಮಾನ ಪಡಿ. ಮಡಿಸಿದ ನಕ್ಷೆ ಇರಬೇಕಾದ ಪುಸ್ತಕ ಆದರೆ ನಕ್ಷೆ ಇದೆಯಾ ನೋಡಿ. ಗೋಡೆಗೆ ಫ್ರೇಮ್ ಹಾಕಿ ಮಾರಲು ಅದನ್ನು ಕತ್ತರಿಸುವ ಪಾಪಿಗಳಿದ್ದಾರೆ. ಹುಳ ಕೊರೆದ ತೂತಿಗೆ ಹೆದರಬೇಡಿ. ಹುಳ ಹೋಗಿ ಎಷ್ಟೋ ಕಾಲ ಆಗಿರುತ್ತೆ. ಆದರೆ ತೂತಿನ ಸುತ್ತ ಹೊಸ ಪುಡಿ ಉದುರಿದರೆ ಮನೆಗೆ ತರಬೇಡಿ. ಇಷ್ಟೆಲ್ಲ ಹೇಳಿ, ಮುಖ್ಯವಾದ್ದು: ಪುಟದ ಫೋಟೋ ಕೇಳಿ. ನಾಚಿಕೆ ಬೇಡ. ನಾನು ನಾಚಿಕೊಂಡೆ.

ಮಾರಿದವರಿಗೆ ಕಾಗದ ಬರೆದೆ. ಶೀರ್ಷಿಕೆ ಪುಟದಲ್ಲಿ 1635 ಇದೆಯಲ್ಲ, ಅದನ್ನೇ ಹೇಳಿದ್ದೇವೆ ಅಂತ ಉತ್ತರ ಬಂತು. 'ನಿಜವಾದ ಮೊದಲ' ಅನ್ನುವ ಮಾತು ಅಷ್ಟರಲ್ಲಿ ಜಾಲತಾಣದಿಂದ ಮಾಯವಾಗಿತ್ತು. ಪುಣ್ಯಕ್ಕೆ ನಾನು ಮೊದಲೇ ಅದರ ಚಿತ್ರ ತೆಗೆದು ಇಟ್ಟುಕೊಂಡಿದ್ದೆ, ಕಳಿಸಿದೆ. ಆಮೇಲೆ ದನಿ ಬದಲಾಯಿತು. ಹದಿನಾಲ್ಕು ದಿನದಲ್ಲಿ ವಾಪಸ್ ಕಳಿಸಿ, ಪೂರ್ತಿ ದುಡ್ಡು ಕೊಡುತ್ತೇವೆ ಅಂದರು. ಸರಿ ಅಂತ ಗುಳ್ಳೆ ಪ್ಲಾಸ್ಟಿಕ್ ತೆಗೆದುಕೊಂಡು ಸುತ್ತಲು ಕೂತೆ. ಸುತ್ತುವ ಮೊದಲು ಒಂದು ಸಲ ಪೂರ್ತಿ ತಿರುಗಿಸೋಣ ಅಂತ ಕೊನೆಯವರೆಗೆ ಹೋದೆ. ಹಿಂಬದಿ ಖಾಲಿ ಹಾಳೆಯಲ್ಲಿ, ತುಕ್ಕು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಯಾರೋ ಲೆಕ್ಕ ಬರೆದಿದ್ದಾರೆ. ಹಾಲಿನದ್ದೋ, ಮೇಣದ ಬತ್ತಿಯದ್ದೋ, ಸಾಲದ್ದೋ, ಬರೀ ಅಂಕಿ ಇದೆ. 17, ಕೆಳಗೆ 8, ಕೆಳಗೆ 23, ಕೆಳಗೆ 12. ಗೆರೆ ಎಳೆದು ಕೆಳಗೆ 50.

ಕೂಡಿಸಿ ನೋಡಿದೆ. 60 ಬರಬೇಕು. ಬಿಡಿ ಅಂಕಿ ಕೂಡಿದರೆ 20, ದಶಕ ಎರಡು. ಪುಣ್ಯಾತ್ಮ ಒಂದೇ ಹಾಕಿದ್ದಾನೆ. ಗುಳ್ಳೆ ಪ್ಲಾಸ್ಟಿಕ್ ಮಡಚಿ ಕಪಾಟಿಗೆ ಹಾಕಿದೆ.